ಬಾವಿ ತುಂಬುವ ಮೊದಲು ಅಳತೆ ಹಿಡಿಯಿರಿ: ಶಿವಮೊಗ್ಗ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಶಿವಮೊಗ್ಗ
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ
ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿ ಅಧ್ಯಕ್ಷರು ಮತ್ತು ಪಿಡಿಒಗಳು

ವಿಷಯ: ಮಳೆಗಾಲದಲ್ಲಿ ಚಿಕ್ಕ ಮಕ್ಕಳಿಗೆ ಬರುವ ಬ್ಯಾಕ್ಟೀರಿಯಾ ಭೇದಿಯನ್ನು ಮುಂಚಿತವಾಗಿ ತಡೆಯುವ ಬಗ್ಗೆ.

ಮಾನ್ಯರೇ,

ಪ್ರತಿ ವರ್ಷ ಜೂನ್ ಹೊತ್ತಿಗೆ ಭೇದಿ ನಿಯಂತ್ರಣ ಅಭಿಯಾನ ಶುರುವಾಗುತ್ತದೆ. ಆಶಾ ಕಾರ್ಯಕರ್ತೆಯರು ಮಳೆಯಲ್ಲಿ ನೆನೆಯುತ್ತ ಮನೆಮನೆಗೆ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ತಲುಪಿಸುತ್ತಾರೆ. ಅದು ಜೀವ ಉಳಿಸುವ ಕೆಲಸ, ನಿಲ್ಲಬಾರದು. ಆದರೆ ಅದು ಮಗುವಿಗೆ ಭೇದಿ ಹತ್ತಿದ ಮೇಲಿನ ಕೆಲಸ. ಹತ್ತದಂತೆ ನೋಡಿಕೊಳ್ಳುವ ಕೆಲಸ ಅದಕ್ಕೂ ಮೊದಲು, ರೋಹಿಣಿ ಮಳೆ ಬೀಳುವುದರೊಳಗೆ ಆಗಬೇಕು. ಅದನ್ನು ಬಯಲುಸೀಮೆಯ ಲೆಕ್ಕದಲ್ಲಿ ಮಾಡಿದರೆ ಮಲೆನಾಡಿನಲ್ಲಿ ನಡೆಯುವುದಿಲ್ಲ. ಮಕ್ಕಳ ಆರೋಗ್ಯ ಮತ್ತು ಕುಡಿಯುವ ನೀರಿನ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಅದನ್ನು ವಿವರವಾಗಿ ಹೇಳುವುದಕ್ಕೆ.

ನಮ್ಮ ಕಡೆ ನೀರಿಗೆ ಬರವಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7000 ಮಿಲಿಮೀಟರ್ ದಾಟುತ್ತದೆ. ಬಾವಿಯ ನೀರು ತಣ್ಣಗೆ, ತಿಳಿಯಾಗಿ, ರುಚಿಯಾಗಿ ಇರುತ್ತದೆ. ಹಾಗಾಗಿಯೇ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಭೇದಿ ತರುವ ಬ್ಯಾಕ್ಟೀರಿಯಾಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂದು ಮನೆಯ ಜಾಗವನ್ನೇ ನೋಡಿ. ಮನೆ ಗುಡ್ಡದ ಬದಿಯ ಎತ್ತರದಲ್ಲಿ, ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ. ಬಾವಿ ಇವೆರಡರ ನಡುವೆ, ಏಕೆಂದರೆ ಕಡಿಮೆ ಆಳದಲ್ಲೇ ನೀರು ಸಿಗುವುದು ಅಲ್ಲಿ. ಶೌಚಾಲಯದ ಗುಂಡಿ ಮನೆಯ ಹಿತ್ತಲಲ್ಲಿ, ಕೊಟ್ಟಿಗೆ ಮತ್ತು ಗೊಬ್ಬರದ ಗುಂಡಿ ಮನೆಯ ಪಕ್ಕದಲ್ಲಿ. ಅಂದರೆ ಹೊಲಸೆಲ್ಲ ಮೇಲೆ, ಕುಡಿಯುವ ನೀರು ಕೆಳಗೆ. ಏಪ್ರಿಲ್‌ನಲ್ಲಿ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಅಂತರ್ಜಲ ಆಳದಲ್ಲಿರುತ್ತದೆ, ಗುಂಡಿಯಿಂದ ಇಳಿಯುವ ದ್ರವ ಒಣ ಮಣ್ಣಿನಲ್ಲಿ ನಿಧಾನವಾಗಿ ಸೋಸಿಹೋಗುತ್ತದೆ, ಹೆಚ್ಚಿನ ಬ್ಯಾಕ್ಟೀರಿಯಾ ದಾರಿಯಲ್ಲೇ ಸಾಯುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಬಾವಿ ಕೈಗೆಟುಕುವಷ್ಟು ತುಂಬುತ್ತದೆ, ಅಂತರ್ಜಲ ಗುಂಡಿಯ ತಳವನ್ನೇ ಮುಟ್ಟುತ್ತದೆ. ನಮ್ಮ ಜಂಬಿಟ್ಟಿಗೆ ನೆಲದ ಮೈತುಂಬ ತೂತು. ಅದರೊಳಗೆ ನೀರು ಸೋಸುವುದಿಲ್ಲ, ಹರಿಯುತ್ತದೆ. ಬೇಸಿಗೆಯ ಪರೀಕ್ಷೆಯಲ್ಲಿ ಪಾಸಾದ ಬಾವಿ ಜುಲೈನಲ್ಲಿ ಕೆಡುವುದು ಹೀಗೆ.

ಆದ್ದರಿಂದ ಮೊದಲ ಬೇಡಿಕೆ: ನೀರಿನ ಪರೀಕ್ಷೆಯನ್ನು ಬೇಸಿಗೆಗೆ ಸೀಮಿತ ಮಾಡಬೇಡಿ. ಮೊದಲ ದೊಡ್ಡ ಮಳೆಯಾದ ವಾರದಲ್ಲಿ ಒಮ್ಮೆ, ಬಾವಿ ಪೂರ್ತಿ ತುಂಬಿದಾಗ ಇನ್ನೊಮ್ಮೆ ಮಾಡಿಸಿ. ಎಚ್‌2ಎಸ್ ಬಾಟಲಿ ಪರೀಕ್ಷೆಗೆ (ಮಲದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುವ ಪರೀಕ್ಷೆ) ಪ್ರಯೋಗಾಲಯ ಬೇಕಿಲ್ಲ. ಬಾಟಲಿಯ ಒಳಭಾಗವನ್ನು, ಮುಚ್ಚಳದ ಒಳಮೈಯನ್ನು ಬೆರಳಿನಿಂದ ಮುಟ್ಟದೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ನೀರು ಕಪ್ಪಾದರೆ ಮಲದ ಸಂಪರ್ಕವಿದೆ ಎಂದು ತಿಳಿದು ಕೆಲಸ ಶುರುಮಾಡಬೇಕು. ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಬಾಟಲಿಯನ್ನು ಕಿಟಕಿಯ ಬಳಿ ಇಟ್ಟರೆ ಬ್ಯಾಕ್ಟೀರಿಯಾ ಬೆಳೆಯದೆ ಕೆಟ್ಟ ನೀರೂ ಒಳ್ಳೆಯದೆಂದು ತೋರಬಹುದು. ಒಲೆಯಿರುವ ಅಡುಗೆಮನೆಯ ಕಪಾಟಿನಲ್ಲಿ ಇಡುವುದು ಲೇಸು. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಮಲದ ಸಂಪರ್ಕ ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಬಾರದು.

ಇನ್ನು ಬ್ಲೀಚಿಂಗ್ ಪೌಡರ್. ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಬಾವಿಗೆ ಒಂದು ಹಿಡಿ ಪೌಡರ್ ಎರಚಿ, ಪುಸ್ತಕದಲ್ಲಿ ಟಿಕ್ ಹಾಕುವುದು ಹಲವು ಕಡೆ ರೂಢಿ. ಎಷ್ಟು ನೀರಿಗೆ ಎಷ್ಟು ಪೌಡರ್ ಎಂಬ ಲೆಕ್ಕವೇ ಇಲ್ಲ. ಒಳ್ಳೆಯ ಗುಣಮಟ್ಟದ ಪೌಡರ್, ಅಂದರೆ ಶೇ 33ರಷ್ಟು ಕ್ಲೋರಿನ್ ಇರುವುದು, 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಬೇಕು. ದುಂಡನೆಯ ಬಾವಿಯ ನೀರನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ವ್ಯಾಸವನ್ನು ಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಏಪ್ರಿಲ್‌ನಲ್ಲಿ ಒಂದೂವರೆ ಮೀಟರ್ ನೀರಿದ್ದರೆ 4710 ಲೀಟರ್. ಅದಕ್ಕೆ 12 ಗ್ರಾಂ ಪೌಡರ್ ಸಾಕು. ಅದೇ ಬಾವಿಯಲ್ಲಿ ಜುಲೈಗೆ ಐದು ಮೀಟರ್ ನೀರು ನಿಂತರೆ 15,700 ಲೀಟರ್, ಪೌಡರ್ 40 ಗ್ರಾಂ. ಇಷ್ಟಕ್ಕೇ ಮುಗಿಯುವುದಿಲ್ಲ. ಮಳೆನೀರಿನ ಜತೆ ಬಂದ ಕೆಸರು, ಕೊಳೆತ ಎಲೆ, ಸಗಣಿಯ ರಸ ಎಲ್ಲವೂ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಕದಡಿದ ನೀರಿಗೆ ಇದರ ಎರಡರಷ್ಟು, ಅಂದರೆ 80 ಗ್ರಾಂವರೆಗೆ ಬೇಕಾಗಬಹುದು. ಏಪ್ರಿಲ್‌ನ ಅಳತೆಯನ್ನೇ ಜುಲೈಯಲ್ಲೂ ಹಾಕಿದರೆ ಕ್ಲೋರಿನ್ ವಾಸನೆ ಬರಬಹುದೇ ಹೊರತು ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ.

ಹಾಕುವ ಕ್ರಮವೂ ಮುಖ್ಯ. ಪೌಡರನ್ನು ನೇರವಾಗಿ ಬಾವಿಗೆ ಎರಚಬಾರದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಚೆನ್ನಾಗಿ ತಿರುವಿ, ಐದರಿಂದ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದುಕೊಂಡು ಸುಣ್ಣವನ್ನು ಹೊರಗೆ ಚೆಲ್ಲಬೇಕು. ಒಂದು ಬಕೆಟ್‌ಗೆ 100 ಗ್ರಾಂಗಿಂತ ಹೆಚ್ಚು ಬೇಡ. ತಿಳಿಯಿರುವ ಬಕೆಟನ್ನು ಹಗ್ಗದಲ್ಲಿ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ, ಆಚೆ ಈಚೆ ಎಳೆದಾಡಿದರೆ ತಳದ ನೀರಿಗೂ ಬೆರೆಯುತ್ತದೆ. ನಂತರ ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಎಲ್ಲರೂ ನೀರು ಹಿಡಿದಾದ ಮೇಲೆ ಹಾಕಿದರೆ ಬೆಳಗಿನವರೆಗೆ ಸಮಯ ಸಿಗುತ್ತದೆ. ಒಂದು ಗಂಟೆಯ ನಂತರವೂ ಲೀಟರ್‌ಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ಜಲಜೀವನ್ ಮಿಷನ್‌ನ ಪರೀಕ್ಷಾ ಕಿಟ್‌ನಲ್ಲಿ ನೋಡಬೇಕು. ಇಲ್ಲವಾದರೆ ಇನ್ನಷ್ಟು ಹಾಕಬೇಕು. ಎಷ್ಟು ಪೌಡರ್ ಹಾಕಿದೆವು ಎನ್ನುವುದಕ್ಕಿಂತ ಎಷ್ಟು ಕ್ಲೋರಿನ್ ಉಳಿಯಿತು ಎನ್ನುವುದನ್ನೇ ಪುಸ್ತಕದಲ್ಲಿ ಬರೆಯಿಸಿ.

ಪೌಡರ್ ಇಡುವ ಜಾಗದ ಬಗ್ಗೆಯೂ ಒಂದು ಮಾತು. ಮಲೆನಾಡಿನ ಥಂಡಿಯಲ್ಲಿ ಬಾಯಿ ಬಿಚ್ಚಿದ ಚೀಲ ಪಂಚಾಯಿತಿ ಕೋಣೆಯ ಮೂಲೆಯಲ್ಲಿ ಬಿದ್ದಿದ್ದರೆ ಕೆಲವೇ ವಾರಗಳಲ್ಲಿ ಪೌಡರಿನ ಸತ್ವ ಇಳಿದುಹೋಗುತ್ತದೆ. ಗಂಟುಕಟ್ಟಿ, ಘಾಟು ಕಡಿಮೆಯಾದ ಪೌಡರನ್ನು ಎಷ್ಟು ಹಾಕಿದರೂ ಬರೀ ಸುಣ್ಣ ಹಾಕಿದಂತೆ. ವರ್ಷಕ್ಕೊಮ್ಮೆ ಹೊರೆ ತರಿಸುವ ಬದಲು ಸ್ವಲ್ಪಸ್ವಲ್ಪವಾಗಿ ತರಿಸಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್‌ನಲ್ಲಿ, ಬೆಳಕು ಬೀಳದ ಒಣ ಜಾಗದಲ್ಲಿ ಇಡಲು ಹೇಳಿ. ನೀರುಗಂಟಿಗೆ ಒಂದು ಸಣ್ಣ ತಕ್ಕಡಿ, ಕೈಗವಸು, ಮೂಗಿಗೆ ಮಾಸ್ಕ್ ಕೊಡಿಸುವ ಖರ್ಚು ಯಾವ ಪಂಚಾಯಿತಿಗೂ ಭಾರವಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮಳೆಗಾಲದಲ್ಲಿ ಬಾವಿಗೆ ಹಗಲುರಾತ್ರಿ ಹೊಸ ನೀರು ಇಳಿಯುತ್ತಲೇ ಇರುತ್ತದೆ. ಇಂದು ಹಾಕಿದ ಕ್ಲೋರಿನ್ ನಾಳೆಗೆ ಉಳಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಹಾಕುವ ಪದ್ಧತಿ ಇಲ್ಲಿ ಅರ್ಥವಿಲ್ಲದ್ದು, ಖಂಡಿತವಾಗಿ ಹೇಳುತ್ತೇವೆ. ಒಂಟಿ ಮನೆಗಳ ಬಾವಿಗೆ ದಿನವೂ ಹೋಗಿ ಬರುವುದು ಯಾವ ನೀರುಗಂಟಿಗೂ ಆಗದ ಮಾತು. ಅಂಥ ಕಡೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ಜೋಡಿ ಮಡಕೆ ವಿಧಾನ ಉಪಯೋಗಕ್ಕೆ ಬರುತ್ತದೆ. ಒಂದು ಕೆಜಿ ಬ್ಲೀಚಿಂಗ್ ಪೌಡರನ್ನು ಎರಡು ಕೆಜಿ ದಪ್ಪ ಮರಳಿನೊಂದಿಗೆ ಸ್ವಲ್ಪ ತೇವ ಮಾಡಿ ಬೆರೆಸಿ, ಮೇಲ್ಭಾಗದಲ್ಲಿ ಒಂದು ಸೆಂಟಿಮೀಟರ್ ತೂತಿರುವ ಒಳಮಡಕೆಗೆ, ತೂತಿಗಿಂತ ಮೂರು ಸೆಂಟಿಮೀಟರ್ ಕೆಳಗಿನವರೆಗೆ ತುಂಬಬೇಕು. ಅದನ್ನು ಹೊರಮಡಕೆಯೊಳಗೆ ಇಟ್ಟು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಹೊರಮಡಕೆಗೂ ತಳದಿಂದ ನಾಲ್ಕು ಸೆಂಟಿಮೀಟರ್ ಮೇಲೆ ಅಂಥದೇ ತೂತು. ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದು ಮೀಟರ್ ಆಳಕ್ಕೆ ಇಳಿಬಿಟ್ಟರೆ ಕೊಡಪಾನ ತಾಗಿ ಒಡೆಯುವುದಿಲ್ಲ. ಸುಮಾರು 4500 ಲೀಟರಿನ ಮನೆಬಾವಿಯಲ್ಲಿ, ದಿನಕ್ಕೆ 400 ಲೀಟರಿನ ಆಸುಪಾಸು ನೀರು ಸೇದಿದರೆ, ಇದು ಎರಡು ಮೂರು ವಾರ ಕೆಲಸ ಮಾಡುತ್ತದೆ. ತುಂಬಿದ ಬಾವಿ ಇದಕ್ಕಿಂತ ದೊಡ್ಡದು. ಆದ್ದರಿಂದ ಮಡಕೆ ಇಳಿಬಿಟ್ಟರೂ ಮಳೆಗಾಲದಲ್ಲಿ ಮಕ್ಕಳಿಗೆ ನೀರು ಕುದಿಸಿಯೇ ಕೊಡಬೇಕು.

ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರಿಗೆ ಈ ಮಡಕೆಯೂ ಆಗದು. ಅದು ಹರಿಯುವ ನೀರು. ಮೂಲದ ಸುತ್ತ ದನ ಬಾರದಂತೆ ಬೇಲಿ, ಮೇಲಿನಿಂದ ಇಳಿಯುವ ಮಳೆನೀರು ಬದಿಗೆ ಹೋಗಲು ಕಾಲುವೆ, ಪೈಪಿನ ಬಾಯಿಗೆ ಜಾಲರಿ, ಕೆಳಗೆ ಮುಚ್ಚಳವಿರುವ ತೊಟ್ಟಿ: ಇಷ್ಟಿದ್ದರೆ ಅರ್ಧ ಕೆಲಸ ಆದಂತೆ. ತೊಟ್ಟಿಯಲ್ಲಿ ಕ್ಲೋರಿನ್ ಹಾಕಬಹುದು. ಆಗದಿದ್ದರೆ ಕುದಿಸುವುದೇ ಗತಿ.

ಹೊಸ ಶೌಚಾಲಯಗಳಿಗೆ ಹಣ ಬಿಡುಗಡೆ ಮಾಡುವಾಗ ಗುಂಡಿಯ ಜಾಗ ನೋಡಿ ಸಹಿ ಹಾಕಿ. ಬಾವಿಯಿಂದ ಕನಿಷ್ಠ 15 ಮೀಟರ್ ದೂರ, ಸಾಧ್ಯವಾದಷ್ಟೂ ಬಾವಿಗಿಂತ ತಗ್ಗಿನಲ್ಲಿ. ಜಂಬಿಟ್ಟಿಗೆ ನೆಲದಲ್ಲಿ ಗುಂಡಿಯ ಸಿಮೆಂಟ್ ರಿಂಗ್‌ನ ಸುತ್ತ ಅರ್ಧ ಮೀಟರ್ ದಪ್ಪಕ್ಕೆ ನಯವಾದ ಮರಳು ತುಂಬಿ, ಗುಂಡಿಯ ತಳವನ್ನು ಜೇಡಿಮಣ್ಣು ಅಥವಾ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ದ್ರವ ಆಗ ಬದಿಯ ಮರಳಿನಲ್ಲಿ ಸೋಸಿಯೇ ಹೊರಗೆ ಹೋಗಬೇಕಾಗುತ್ತದೆ. ಆಳದ ಗುಂಡಿ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ತಪ್ಪು. ಆಳ ಹೆಚ್ಚಿದಷ್ಟೂ ಅದು ಅಂತರ್ಜಲಕ್ಕೆ ಹತ್ತಿರ. ಹಳೆಯ ಬಾವಿಗಳಿಗೆ ಮುಕ್ಕಾಲು ಮೀಟರ್ ಎತ್ತರದ ಕಟ್ಟೆ, ಸುತ್ತ ಒಂದು ಮೀಟರ್ ಅಗಲದ ಬಿರುಕಿಲ್ಲದ ಸಿಮೆಂಟ್ ನೆಲ ಮತ್ತು ನೀರು ಹರಿದುಹೋಗಲು ಚರಂಡಿ ಮಾಡಿಸಿ. ಬಾವಿಕಟ್ಟೆಯ ಮೇಲೆ ಮಗುವಿನ ಬಟ್ಟೆ ಒಗೆಯುವ ಮನೆಗಳಿವೆ. ಕೂಸಿನ ಮಲದಲ್ಲಿ ದೋಷವಿಲ್ಲವೆಂದು ಜನ ನಂಬುತ್ತಾರೆ. ನಿಜವೇನೆಂದರೆ ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಚಿಕ್ಕ ಮಕ್ಕಳ ಮಲದಲ್ಲಿಯೇ. ಕಟ್ಟೆಯ ಬಿರುಕಿನಿಂದ ಆ ನೀರು ನೇರವಾಗಿ ಬಾವಿಗೆ ಇಳಿಯುತ್ತದೆ. ಕೂಸಿನ ಮಲ ಶೌಚಾಲಯಕ್ಕೇ ಹೋಗಬೇಕು, ತೋಟದ ಅಂಚಿಗಲ್ಲ.

ಆದರೆ ನೀರೊಂದನ್ನು ಸರಿಮಾಡಿದರೆ ಭೇದಿ ನಿಲ್ಲುತ್ತದೆ ಎಂದು ನಾವು ಹೇಳುವುದಿಲ್ಲ. ಒಂದೊಂದು ಬ್ಯಾಕ್ಟೀರಿಯಾದ ದಾರಿ ಒಂದೊಂದು. ಕಾಲರಾ ಹಿಡಿಯಲು ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಬೇಕು, ಅದು ಹೆಚ್ಚಾಗಿ ಕೆಟ್ಟ ನೀರಿನಿಂದ ಆಗುವುದು. ರಕ್ತ, ಆಮ ಬೀಳುವ ಭೇದಿ ತರುವ ಶಿಗೆಲ್ಲಾಕ್ಕೆ ಹತ್ತರಿಂದ ನೂರು ಬ್ಯಾಕ್ಟೀರಿಯಾ ಸಾಕು. ತೊಳೆಯದ ಬೆರಳಿನ ತುದಿಯಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ. ಕ್ಯಾಂಪೈಲೋಬ್ಯಾಕ್ಟರ್ ಕೋಳಿಯ ಹಿಕ್ಕೆಯಲ್ಲಿ, ಹಸಿ ಕೋಳಿ ಮಾಂಸದಲ್ಲಿ ಇರುತ್ತದೆ. ಅಂಗಳದಲ್ಲಿ ಕೋಳಿ ಓಡಾಡುವ ಜಾಗದಲ್ಲೇ ಅಂಬೆಗಾಲಿಡುವ ಮಗು ಮಣ್ಣನ್ನು ಬಾಯಿಗೆ ಹಾಕಿಕೊಂಡರೆ ಬಾವಿ ಎಷ್ಟು ಚೊಕ್ಕಟವಿದ್ದರೂ ಪ್ರಯೋಜನವಿಲ್ಲ. ಸಾಲ್ಮೊನೆಲ್ಲಾ ಮೊಟ್ಟೆ, ಮಾಂಸದಿಂದ ಬರುತ್ತದೆ. ಮಕ್ಕಳಿಗೆ ನೀರುನೀರಾಗಿ ಭೇದಿ ಮಾಡಿಸುವ ಕೆಲವು ಜಾತಿಯ ಇ. ಕೋಲಿ ನೀರಿನಲ್ಲೂ ಬರುತ್ತದೆ, ಹೊತ್ತುಮೀರಿದ ಊಟದಲ್ಲೂ ಬರುತ್ತದೆ.

ಊಟದ ವಿಷಯದಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವ ತರಬೇತಿ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಇರಬೇಕು. ಬೆಳಿಗ್ಗೆ ಎಂಟಕ್ಕೆ ಕಾಯಿಸಿದ ರಾಗಿ ಮಣ್ಣಿಯನ್ನು ಮುಚ್ಚಿಟ್ಟು ಮಧ್ಯಾಹ್ನ ಎರಡಕ್ಕೆ ಮತ್ತೆ ತಿನ್ನಿಸುವುದು ತೀರ ಸಾಮಾನ್ಯ. ಬೆಚ್ಚಗಿನ, ಮೆತ್ತನೆಯ ಆಹಾರದಲ್ಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ಆ ಲೆಕ್ಕದಲ್ಲಿ ಆರು ಗಂಟೆಗೆ ಒಂದು ಇದ್ದದ್ದು ಎರಡೂವರೆ ಲಕ್ಷ ದಾಟುತ್ತದೆ. ಒಂದು ಹೊತ್ತಿಗೆ ಬೇಕಾದಷ್ಟೇ ಕಾಯಿಸಿ, ಎರಡು ಗಂಟೆಯೊಳಗೆ ತಿನ್ನಿಸಿ, ಮಿಕ್ಕಿದ್ದನ್ನು ದೊಡ್ಡವರು ತಿನ್ನಲಿ. ಇಡಲೇಬೇಕಾದರೆ ತಿನ್ನಿಸುವ ಮೊದಲು ಮತ್ತೆ ಚೆನ್ನಾಗಿ ಕುದಿಸಬೇಕು, ಬೆಚ್ಚಗೆ ಮಾಡಿದರೆ ಸಾಲದು.

ನೀರು ಕುದಿಸುವ ಮನೆಗಳಲ್ಲೂ ತಪ್ಪು ಆಗುತ್ತದೆ. ಬಚ್ಚಲ ಹಂಡೆಯ ಬಿಸಿನೀರು ಕುದಿದ ನೀರಲ್ಲ. ಕುದಿದ ಜೀರಿಗೆ ನೀರಿಗೆ, ಮಗುವಿಗೆ ಸುಡುತ್ತದೆ ಎಂದು ಅರ್ಧ ಲೋಟ ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ದೊಡ್ಡ ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು, ಅದೇ ಪಾತ್ರೆಯಲ್ಲಿ ಮುಚ್ಚಿ ಆರಲು ಬಿಡಬೇಕು. ಆರಿದ ನೀರಿಗೆ ಲೋಟ ಅದ್ದಬಾರದು, ಉದ್ದ ಹಿಡಿಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ ಬೇಕು. ಮಜ್ಜಿಗೆಗೆ ಬೆರೆಸುವ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದೂ ಕುದಿದು ಆರಿದ್ದೇ ಆಗಬೇಕು. ತಂಬುಳಿಗೆ ಒಂದೆಲಗ ಕೊಯ್ಯುವುದು ತೋಟದ ಕಾಲುವೆಯ ಬದಿಯಲ್ಲಿ, ಗೊಬ್ಬರದ ನೀರು ಹರಿಯುವ ಜಾಗದಲ್ಲಿ. ಅದನ್ನು ಹಸಿಯಾಗಿ ಅರೆದು ಮಗುವಿಗೆ ಕೊಡುವ ಬದಲು, ಮಳೆಗಾಲದಲ್ಲಿಯಾದರೂ, ಎಲೆಯನ್ನು ಬೇಯಿಸಿಕೊಂಡು ಅರೆದರೆ ಆಯಿತು. ತಂಬುಳಿ ಬಿಡಿ ಎಂದು ನಾವು ಹೇಳುತ್ತಿಲ್ಲ.

ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ನಿಪ್ಪಲ್ ಬಾಟಲಿ ಭೇದಿಗೆ ತೆರೆದಿಟ್ಟ ಬಾಗಿಲು. ನಿಪ್ಪಲಿನ ಒಳಗಡೆ ಹಾಲಿನ ಜಿಡ್ಡು ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೇಲುಹಾಲು ಕೊಡಲೇಬೇಕಾದಾಗ ಅಜ್ಜಿಯರ ಕಾಲದ ಒಳಲೆ (ಕೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲು) ಅಥವಾ ಚಮಚವೇ ಒಳ್ಳೆಯದು, ಎರಡನ್ನೂ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬಹುದು. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳೇ ಹೆಚ್ಚು ಅಪಾಯದಲ್ಲಿರುವವರು. ತಾಯಿಯಿಂದ ಬಂದ ರಕ್ಷಣೆ ಇಳಿಯುವುದು, ಹೊರಗಿನ ಊಟ ಶುರುವಾಗುವುದು, ನೆಲದ ಮೇಲೆ ಹರಿದಾಡುವುದು ಮೂರೂ ಒಂದೇ ಹೊತ್ತಿಗೆ ಕೂಡಿಬರುತ್ತವೆ. ತೂಕ ಕಡಿಮೆಯಿರುವ ಮಗುವಿಗೆ ಭೇದಿ ಬೇಗ ಹತ್ತುತ್ತದೆ, ತಡವಾಗಿ ಬಿಡುತ್ತದೆ, ಪ್ರತಿ ಸಲವೂ ತೂಕ ಇನ್ನಷ್ಟು ಇಳಿಸುತ್ತದೆ. ದಡಾರ ಬಂದು ಹೋದ ಮಗುವಿನದೂ ಅದೇ ಪಾಡು. ಹಾಗಾಗಿ 9 ತಿಂಗಳ ಹಾಗೂ 16ರಿಂದ 24 ತಿಂಗಳ ನಡುವಿನ ದಡಾರ-ರುಬೆಲ್ಲಾ ಲಸಿಕೆಯೂ ವಿಟಮಿನ್ ಎ ಹನಿಯೂ ಭೇದಿ ತಡೆಯ ಭಾಗವೇ. ರೋಟಾ ಲಸಿಕೆ ರೋಟಾ ವೈರಸ್ಸಿನ ಭೇದಿಗೆ ಮಾತ್ರ. ಅದನ್ನು ತಪ್ಪದೆ ಹಾಕಿಸಬೇಕು, ಆದರೆ ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಂದು ತಾಯಂದಿರು ನಂಬದಿರಲಿ.

ಅಂಗನವಾಡಿಗಳಲ್ಲಿ ನಲ್ಲಿ ಮಗುವಿನ ಎತ್ತರಕ್ಕಿದೆಯೇ, ಸೋಪು ದಿನವೂ ಇದೆಯೇ, ಎಲ್ಲರೂ ಕೈ ಒರೆಸುವುದು ಒಂದೇ ಟವೆಲಿಗೋ ಎಂಬುದನ್ನು ಮೇಲ್ವಿಚಾರಕಿಯರ ತಪಾಸಣಾ ಪಟ್ಟಿಗೆ ಸೇರಿಸಿ. ಸೋಪಿನಿಂದ ಕೈ ತೊಳೆಯುವ ರೂಢಿಯೊಂದೇ ಮಕ್ಕಳ ಭೇದಿಯನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ. ಭೇದಿ ಇರುವ ಮಗುವನ್ನು ಪೂರ್ತಿ ನಿಲ್ಲುವವರೆಗೆ ಮನೆಯಲ್ಲೇ ಇಟ್ಟುಕೊಳ್ಳಲು ಹೇಳಿ. ಆಹಾರ ತಪ್ಪುತ್ತದೆ ಎಂಬ ಭಯದಿಂದ ತಾಯಂದಿರು ಕಳಿಸುತ್ತಾರೆ, ಆ ದಿನಗಳ ಪಾಲನ್ನು ಮನೆಗೇ ಕೊಡುವ ವ್ಯವಸ್ಥೆ ಬೇಕು.

ನಗರ ಮತ್ತು ಪಟ್ಟಣಗಳಲ್ಲಿ ಕಾರಣ ಬೇರೆ. ದಿನ ಬಿಟ್ಟು ದಿನ ನೀರು ಬಿಡುವಲ್ಲಿ, ನೀರು ನಿಂತಾಗ ಪೈಪ್ ಸುತ್ತಲಿನ ಕೊಳಚೆಯನ್ನು ಬಿರುಕಿನಿಂದ ಒಳಗೆಳೆಯುತ್ತದೆ. ಕೆಲವರು ಪೈಪಿಗೆ ನೇರವಾಗಿ ಮೋಟಾರ್ ಹಚ್ಚಿ ಇನ್ನಷ್ಟು ಎಳೆಯುತ್ತಾರೆ. ಒತ್ತಡ ಸಾಲದೆಂದು ನೆಲ ಅಗೆದು ನಲ್ಲಿಯನ್ನು ಗುಂಡಿಯಲ್ಲಿ ಇಟ್ಟುಕೊಂಡ ಮನೆಗಳಲ್ಲಿ ಗುಂಡಿಯ ಹೊಲಸೇ ಪೈಪಿಗೆ ಸೇರುತ್ತದೆ. ನೀರು ಬಿಟ್ಟ ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯಬೇಡಿ ಎಂಬ ಸೂಚನೆಯನ್ನಾದರೂ ಕಸದ ಗಾಡಿಯ ಮೈಕಿನಲ್ಲಿ ಕೊಡಿಸಿ.

ಸೊರಬ, ಶಿಕಾರಿಪುರ, ಸಾಗರದ ಕಡೆ ಶುಂಠಿ ಬೆಳೆಯ ಶೆಡ್ಡುಗಳಲ್ಲಿ, ಅಡಿಕೆ ಕೊಯ್ಲಿನ ಬಿಡಾರಗಳಲ್ಲಿ ಇರುವ ಕೂಲಿಯವರ ಮಕ್ಕಳು ಎಷ್ಟೋ ಸಲ ಯಾವ ಅಂಗನವಾಡಿಯ ಪಟ್ಟಿಯಲ್ಲೂ ಇರುವುದಿಲ್ಲ. ಶೌಚಾಲಯವಿಲ್ಲ, ಕುಡಿಯುವುದು ಹೊಂಡದ ನೀರು. ಶುಂಠಿಗೆ ಜಮೀನು ಕೊಡುವ ಮಾಲೀಕರಿಂದ ಶೌಚಾಲಯ ಮತ್ತು ಶುದ್ಧ ನೀರಿನ ಹೊಣೆ ಬರೆಸಿಕೊಳ್ಳುವ ಬಗ್ಗೆ ಪಂಚಾಯಿತಿಗಳು ನಿರ್ಣಯ ಮಾಡಬೇಕು. ಈ ಮಕ್ಕಳನ್ನು ಬಿಟ್ಟು ಮಾಡುವ ಅಭಿಯಾನ ಅಭಿಯಾನವೇ ಅಲ್ಲ.

ಭೇದಿ ಶುರುವಾದ ಮೇಲಿನ ಮಾತು. ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟ್ ಹೋಗಿ, ಫೋನ್ ಸಿಗ್ನಲ್ ಇಲ್ಲದ ದಿನಗಳು ನಮ್ಮಲ್ಲಿ ಹೊಸದಲ್ಲ. ಆದ್ದರಿಂದ ಓಆರ್‌ಎಸ್ ಮತ್ತು ಜಿಂಕ್ ಮೇ ತಿಂಗಳಿನಲ್ಲೇ ಮನೆ ಸೇರಬೇಕು. 20.5 ಗ್ರಾಂ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಬೇಕು. ಲೋಟಕ್ಕೆ ಒಂದು ಚಿಟಿಕೆ, ಅರ್ಧ ಪೊಟ್ಟಣ ಎಂದು ಅಂದಾಜಿನಲ್ಲಿ ಬೆರೆಸಿ ದಪ್ಪವಾದರೆ ಉಪ್ಪು ಹೆಚ್ಚಾಗಿ ಅಪಾಯ. ಬೆರೆಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಬೇಕು. ಪೊಟ್ಟಣ ಇಲ್ಲದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆಸವರಿದ ಅಳತೆ. ಅಂಗಡಿಯ ಸಿಹಿ ಪಾನೀಯದ ಡಬ್ಬಿ ಇದಕ್ಕೆ ಬದಲಿಯಲ್ಲ, ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಎದೆಹಾಲು, ಊಟ ನಿಲ್ಲಿಸಬಾರದು. ಜಿಂಕ್ ಆರು ತಿಂಗಳೊಳಗಿನವರಿಗೆ, ಎರಡು ತಿಂಗಳು ತುಂಬಿದ ಮೇಲೆ, ದಿನಕ್ಕೆ 10 ಮಿಲಿಗ್ರಾಂ. ಆರು ತಿಂಗಳ ಮೇಲೆ 20 ಮಿಲಿಗ್ರಾಂ. ಭೇದಿ ಮೂರೇ ದಿನಕ್ಕೆ ನಿಂತರೂ 14 ದಿನ ಕೊಡಬೇಕು.

ಭೇದಿ ನಿಲ್ಲಿಸುವ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ. ಆ್ಯಂಟಿಬಯಾಟಿಕ್ ಕೂಡ ವೈದ್ಯರು ನೋಡದೆ ಬೇಡ. ಬೇಡದ ಆ್ಯಂಟಿಬಯಾಟಿಕ್ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಮುಂದಿನ ಭೇದಿಗೆ ದಾರಿ ಮಾಡುತ್ತದೆ. ಮೆಡಿಕಲ್ ಶಾಪ್‌ಗಳಿಗೆ ಈ ಬಗ್ಗೆ ಮಳೆಗಾಲದ ಮೊದಲು ಸುತ್ತೋಲೆ ಹೋಗಲಿ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಮರಳಿದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಗು ಕುಡಿಯಲಾರದಷ್ಟು ಮಂಕಾದರೆ ಕಾಯುವ ಮಾತಿಲ್ಲ, ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಲೇ ಇರಬೇಕು.

ಮೇ 15ರೊಳಗೆ ಪ್ರತಿ ಗ್ರಾಮ ಪಂಚಾಯಿತಿ ತನ್ನ ವ್ಯಾಪ್ತಿಯ ಕುಡಿಯುವ ನೀರಿನ ಬಾವಿಗಳ ವ್ಯಾಸ ಅಳೆದು ಪಟ್ಟಿ ಮಾಡಲಿ. ಬಾವಿಯ ಒಳಗೋಡೆಗೆ ಅರ್ಧ ಮೀಟರಿಗೊಂದು ಗೆರೆಯಂತೆ ಬಣ್ಣ ಬಳಿದು, ಯಾವ ಗೆರೆಯವರೆಗೆ ನೀರಿದ್ದರೆ ಎಷ್ಟು ಗ್ರಾಂ ಪೌಡರ್ ಎಂಬುದನ್ನು ಕಟ್ಟೆಯ ಮೇಲೆ ಬರೆಸಲಿ. ಆಗ ನೀರುಗಂಟಿ ಬದಲಾದರೂ ಲೆಕ್ಕ ಬದಲಾಗುವುದಿಲ್ಲ, ಬಾವಿಗೆ ಬಂದ ಯಾರು ಬೇಕಾದರೂ ಕೇಳಬಹುದು. ಉಳಿಕೆ ಕ್ಲೋರಿನ್ ಮತ್ತು ಎಚ್‌2ಎಸ್ ಪರೀಕ್ಷೆಯ ಫಲಿತಾಂಶ ವಾರವಾರವೂ ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರಲಿ, ಕೆಟ್ಟ ಬಾವಿಯ ಹೆಸರನ್ನು ಮುಚ್ಚಿಡುವುದು ಬೇಡ. ಈ ಆದೇಶ ಯಾವ ದಿನಾಂಕದಂದು ಹೊರಡುತ್ತದೆ ಎಂದು ತಾವು ಪತ್ರಿಕಾ ಪ್ರಕಟಣೆಯ ಮೂಲಕ ತಿಳಿಸಬೇಕೆಂದು ಕೋರುತ್ತೇವೆ. ಅಳತೆಯ ಕೆಲಸಕ್ಕೆ, ನೀರುಗಂಟಿಗಳ ತರಬೇತಿಗೆ ಕರೆದಲ್ಲಿಗೆ ಬರಲು ನಾವು ಸಿದ್ಧ.

ಇಂತಿ ತಮ್ಮ ವಿಶ್ವಾಸಿಗಳು,
ಮಕ್ಕಳ ಆರೋಗ್ಯ ಮತ್ತು ಕುಡಿಯುವ ನೀರಿನ ಕೆಲಸದಲ್ಲಿರುವವರು
ಶಿವಮೊಗ್ಗ ಜಿಲ್ಲೆ